ದೂರು ಬಾರದ ಹುಡುಗಿಯರು: ಕಾಫಿ ಸೀಮೆಯಲ್ಲಿ ನರವಿಕಾಸದ ತೊಂದರೆಗಳ ಗುರುತಿಸುವಿಕೆ

ಮಿದುಳು ಬೆಳೆಯುವ ಹಂತದಲ್ಲಿಯೇ ತಲೆದೋರಿ ಕಲಿಕೆ, ಗಮನ, ಮಾತು ಅಥವಾ ಇತರರೊಡನೆ ಒಡನಾಟದಲ್ಲಿ ತೊಡಕಾಗಿ ಕಾಣಿಸಿಕೊಳ್ಳುವ ಸ್ಥಿತಿಗಳನ್ನು ನರವಿಕಾಸದ ತೊಂದರೆಗಳೆಂದು ಕರೆಯಲಾಗುತ್ತದೆ. ಆಟಿಸಂ, ಗಮನದ ಕೊರತೆ ಹಾಗೂ ಅತಿಚಟುವಟಿಕೆ ಕೂಡಿದ ಎಡಿಎಚ್‌ಡಿ, ಓದುಬರಹಗಳಲ್ಲಿ ತೋರುವ ನಿರ್ದಿಷ್ಟ ಕಲಿಕಾ ನ್ಯೂನತೆ ಇವುಗಳಲ್ಲಿ ಮುಖ್ಯವಾದವು. ಇವು ಹೆಚ್ಚಾಗಿ ಗಂಡುಮಕ್ಕಳಿಗೆ ಬರುವಂಥವು ಎಂಬ ನಂಬಿಕೆಯನ್ನು ವೈದ್ಯಶಾಸ್ತ್ರವೇ ಬೆಳೆಸಿತು. ಆಟಿಸಂ ಕುರಿತು ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ವಿವರಿಸಿದ 11 ಮಕ್ಕಳಲ್ಲಿ 8 ಮಂದಿ ಹುಡುಗರಾಗಿದ್ದರು. ಮರುವರ್ಷ ಹಾನ್ಸ್ ಆಸ್ಪರ್ಗರ್ ಬರೆದ ಪ್ರಬಂಧದ ನಾಲ್ವರೂ ಹುಡುಗರೇ. 2017ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ, ಆಗಲೇ ರೋಗನಿರ್ಣಯವಾದವರನ್ನಷ್ಟೇ ಎಣಿಸಿದ ಅಧ್ಯಯನಗಳಲ್ಲಿ ಆಟಿಸಂ ಇರುವ ಒಬ್ಬ ಹುಡುಗಿಗೆ ಸುಮಾರು 4.5 ಹುಡುಗರು ಸಿಕ್ಕರೆ, ಸಮುದಾಯದೊಳಗೆ ಹೋಗಿ ಹುಡುಕಿದ ಅಧ್ಯಯನಗಳಲ್ಲಿ ಈ ಪ್ರಮಾಣ 3.25ರ ಆಸುಪಾಸಿಗೆ ಇಳಿಯುತ್ತದೆ. ಹುಡುಕುವ ಬಗೆಯೇ ಸಂಖ್ಯೆಯನ್ನು ಬದಲಿಸುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಕಲಿಕಾ ನ್ಯೂನತೆಯಲ್ಲಿ ಇದು ಇನ್ನೂ ಸ್ಪಷ್ಟ. ಸ್ಯಾಲಿ ಶೇವಿಟ್ಸ್ ಮತ್ತು ಸಂಗಡಿಗರು ಅಮೆರಿಕದ ಕನೆಕ್ಟಿಕಟ್‌ನಲ್ಲಿ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೇ ತರಗತಿಯ ಎಲ್ಲ ಮಕ್ಕಳನ್ನೂ ಸಂಶೋಧಕರೇ ಪರೀಕ್ಷಿಸಿದಾಗ ಹುಡುಗರಲ್ಲಿ ಶೇ. 8.7, ಹುಡುಗಿಯರಲ್ಲಿ ಶೇ. 6.9 ಮಂದಿಗೆ ಓದಿನ ತೊಂದರೆ ಕಂಡುಬಂದಿತು. ಶಾಲೆಗಳು ಗುರುತಿಸಿದ್ದು ಮಾತ್ರ ಶೇ. 13.6 ಹುಡುಗರನ್ನು ಮತ್ತು ಶೇ. 3.2 ಹುಡುಗಿಯರನ್ನು. ಗಲಾಟೆ ಮಾಡುವವರ ಹೆಸರು ಮೇಲಕ್ಕೆ ಹೋಗುತ್ತದೆ, ಸುಮ್ಮನೆ ಕೂರುವವರದು ಹೋಗುವುದಿಲ್ಲ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಕಾಫಿ ತೋಟಗಳ ಬದುಕಿನಲ್ಲಿ ಈ ಮೌನಕ್ಕೆ ಬೇರೆಯೇ ಒತ್ತಾಸೆಗಳಿವೆ. ತಾಯಿ ಕಾಫಿ ಕುಯ್ಲಿಗೆ ಹೋದ ಮೇಲೆ ಕಾರ್ಮಿಕರ ಲೈನ್ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ ಹಿರಿಯ ಹುಡುಗಿಯ ಪಾಲಿಗೆ ಬರುವುದುಂಟು. ಅವಳ ಗೈರುಹಾಜರಿಗೂ ಓದಿನ ಹಿನ್ನಡೆಗೂ ಸಿದ್ಧವಾದೊಂದು ಕಾರಣ ಅದರಿಂದಲೇ ದೊರೆಯುತ್ತದೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ವಿಧಿಸಿತ್ತಾದರೂ, ಈ ಸೀಮೆಯ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವಾದ್ದರಿಂದ ಆ ಮಿತಿಯನ್ನು ಮುಟ್ಟುವಂಥವು ಕಡಿಮೆ. ಘಟ್ಟದ ಕೆಳಗಿನಿಂದ ಬಂದ ತುಳುವರು, ತಮಿಳರು, ಈಚೆಗೆ ಅಸ್ಸಾಮಿನಿಂದ ಬರುತ್ತಿರುವವರು ಒಂದೇ ಸೀಮೆಯಲ್ಲಿ ದುಡಿಯುವಾಗ, ತರಗತಿಯಲ್ಲಿ ಬಾಯಿಬಿಡದ ಹುಡುಗಿಗೆ ಕನ್ನಡ ಬಾರದು ಎಂದುಕೊಳ್ಳುವುದು ಸುಲಭ, ಮತ್ತು ಹಲವು ಸಲ ಅದು ನಿಜವೂ ಹೌದು. ತೋಟದ ಮಾಲೀಕರ ಮನೆಯ ಮಗಳಾದರೆ ಅವಳು ಮಲೆನಾಡಿನ ಮಾತಿನಲ್ಲಿ ಹೇಳುವ ‘ಪಾಪದ ಹುಡುಗಿ’, ಅಂದರೆ ಸಾಧು ಸ್ವಭಾವದವಳು. ನೆಂಟರೆದುರು ಹೇಗೆ ನಗಬೇಕು, ಎಷ್ಟು ಮಾತಾಡಬೇಕು ಎಂಬುದನ್ನು ಅಕ್ಕನನ್ನೋ ಅತ್ತಿಗೆಯನ್ನೋ ನೋಡಿ ಅನುಕರಿಸುತ್ತ, ಒಳಗಿನ ತಳಮಳವನ್ನು ತೋರಗೊಡದೆ ದಾಟಿಸುತ್ತಾಳೆ. ಆಟಿಸಂ ಅಧ್ಯಯನಗಳು ಇದನ್ನು ಮರೆಮಾಚುವಿಕೆ ಎನ್ನುತ್ತವೆ.

ಕನ್ನಡ ಬರವಣಿಗೆಯೂ ಒಂದು ಬಗೆಯ ಮರೆಯನ್ನು ಒದಗಿಸುತ್ತದೆ. ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳಿರುವುದರಿಂದ ಅವು ಕೈವಶವಾಗಲು ಮಕ್ಕಳಿಗೆ ಹಲವು ವರ್ಷಗಳೇ ಹಿಡಿಯುತ್ತವೆ ಎಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹೀಗಾಗಿ ದೀರ್ಘ, ಒತ್ತುಗಳನ್ನು ಬಿಟ್ಟು ಬರೆಯುವುದು ತುಸು ತಡವೋ ತೊಂದರೆಯೋ ಎಂದು ಬೇಗ ತಿಳಿಯುವುದಿಲ್ಲ. ಅದರ ಮೇಲೆ, ಬೋರ್ಡಿನ ಮೇಲಿನ ‘ವಿಜ್ಞಾನ’ವನ್ನು ದುಂಡಾದ ಅಕ್ಷರಗಳಲ್ಲಿ ಇಳಿಸಿಕೊಂಡ ಹುಡುಗಿ ಅದನ್ನೇ ಓದೆಂದಾಗ ತಡವರಿಸಿದರೂ, ನೋಟ್‌ಬುಕ್ ತಿದ್ದುವವರ ಕಣ್ಣಿಗೆ ಬೀಳುವುದು ಅಂದವಾದ ಬರಹ ಮಾತ್ರ.

ಸರ್ಕಾರಿ ವ್ಯವಸ್ಥೆ ಇಲ್ಲದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಲ್ಲಿ ಒಮ್ಮೆ ತಪಾಸಣೆ ನಡೆಯಬೇಕು. ಆದರೆ ಒಂದೇ ಭೇಟಿಯಲ್ಲಿ ಹಲ್ಲು, ಕಣ್ಣು, ರಕ್ತಹೀನತೆಗಳನ್ನೆಲ್ಲ ನೋಡಬೇಕಾದ ತಂಡಕ್ಕೆ ಸದ್ದಿಲ್ಲದ ಮಗುವಿನ ಬಗ್ಗೆ ಯಾರಾದರೂ ಹೇಳಿಯೇ ತಿಳಿಯಬೇಕು. ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪನದ 40 ಅಂಶಗಳಲ್ಲಿ ಒಟ್ಟು 70 ಅಂಕಗಳಾದರೂ ಬರಬೇಕಾಗಿದ್ದು, ಹೊರಗೆ ಕಾಣುವ ನಡವಳಿಕೆಗೇ ಅಲ್ಲಿ ಹೆಚ್ಚಿನ ತೂಕವಿರುವುದರಿಂದ ಮರೆಮಾಚಲು ಕಲಿತ ಹುಡುಗಿ ಗಡಿಯ ಈಚೆಗೇ ಉಳಿಯುವ ಸಾಧ್ಯತೆಯಿದೆ. ಓದಿನ ತೊಂದರೆಯ ಮಟ್ಟಿಗೆ, ಮೂರನೇ ತರಗತಿಯ ಪ್ರತಿ ಮಗುವಿನಿಂದಲೂ ಹೊಸದೊಂದು ಪರಿಚ್ಛೇದವನ್ನು ಗಟ್ಟಿಯಾಗಿ ಓದಿಸಿ ನೋಡುವುದು ಶಿಕ್ಷಕರ ಶಿಫಾರಸಿಗೆ ಕಾಯುವುದಕ್ಕಿಂತ ಅಗ್ಗವಾದ, ನ್ಯಾಯವಾದ ದಾರಿ.

ವಯಸ್ಕ ಮಹಿಳೆಯರಿಗೆ ಇಷ್ಟೂ ಇಲ್ಲ. ಆ ಕಾರ್ಯಕ್ರಮ 18 ವರ್ಷಕ್ಕೆ ಮುಗಿಯುತ್ತದೆ. ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಚಿಕಿತ್ಸಾಲಯಕ್ಕೆ ನಿದ್ರಾಹೀನತೆ, ತಲೆನೋವು, ಆತಂಕವೆಂದು ಬರುವವಳಿಗೆ ಅವುಗಳದೇ ಚಿಕಿತ್ಸೆ ದೊರೆಯುತ್ತದೆಯೇ ಹೊರತು ಬಾಲ್ಯದ ಕಲಿಕೆಯ ಕುರಿತು ಕೇಳುವ ಪರಿಪಾಠವಿಲ್ಲ. ಕೇಳಿ ಎಡಿಎಚ್‌ಡಿ ಎಂದು ಖಚಿತವಾದರೂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ನ್ಯೂನತೆಗಳಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆಗಳಿವೆ, ಎಡಿಎಚ್‌ಡಿ ಇಲ್ಲ.