ಆಚೆ ದಂಡೆಯಿಂದ ಬರೆದದ್ದು

ಮಟಮಾರಿ ಸ್ಟೇಷನ್ ಬಿಟ್ಟ ಗಾಡಿ ಗುಂತಕಲ್ ಕಡೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ತುಂಗಭದ್ರೆಯ ಸೇತುವೆ ಸಿಗುತ್ತದೆ. 1871ರಲ್ಲಿ ಮದ್ರಾಸಿನ ಹಳಿ ರಾಯಚೂರಿಗೆ ಬಂದು ಮುಂಬಯಿಯ ಹಳಿಯನ್ನು ಕೂಡಿಕೊಂಡಾಗ ಈ ಹೊಳೆಯ ಎರಡು ದಂಡೆಗಳು ಎರಡು ಸರಕಾರಗಳ ಕೈಲಿದ್ದವು. ಈಚೆ ನಿಜಾಮರು, ಆಚೆ ಬ್ರಿಟಿಷರು. ಕನ್ನಡದಲ್ಲಿ ವರ್ತಮಾನದ ಬಗ್ಗೆ ಟೀಕೆ ಟಿಪ್ಪಣಿ ಬರೆಯುವ ಕಸುಬು ಬೆಳೆದ ಬಗೆಯನ್ನು ಹೇಳಲು ಬೆಂಗಳೂರಿಗಿಂತ ಈ ಸೇತುವೆಯೇ ತಕ್ಕ ಜಾಗ ಅನ್ನಿಸುತ್ತದೆ.

ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದರು. ಉರ್ದುವಿನಲ್ಲೇ ಆಡಳಿತ ನಡೆಯುತ್ತಿದ್ದ ಸೀಮೆ ಅದು. ಸಭೆ ಸೇರಲೂ ಪತ್ರಿಕೆ ಹೊರಡಿಸಲೂ ಅಪ್ಪಣೆ ಬೇಕಿದ್ದ ಕಾಲ. ಸರಕಾರದ ಕೆಂಗಣ್ಣಿಗೆ ಗುರಿಯಾದ ತಾರಾನಾಥರು ಊರು ಬಿಟ್ಟು, ಹೊಳೆ ದಾಟಿ, ಆಚೆಯ ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿಕೊಂಡರು. ‘ಪ್ರೇಮ’ ಪತ್ರಿಕೆ ನಡೆಸಿದರು. ವೈದ್ಯ, ಸಂಗೀತ, ನಾಟಕ, ಧರ್ಮ, ರಾಜಕೀಯ ಎಲ್ಲವೂ ಆ ಒಬ್ಬ ಮನುಷ್ಯನೊಳಗೆ ಒಟ್ಟಿಗಿದ್ದವು. ಇಂದು ನಾವು ರಾಜಕೀಯಕ್ಕೊಬ್ಬ, ವಿಜ್ಞಾನಕ್ಕೊಬ್ಬ, ಸಿನಿಮಾಕ್ಕೊಬ್ಬ ಎಂದು ಅಂಕಣಕಾರರನ್ನು ಹಂಚಿಕೊಂಡಿದ್ದೇವೆ. ತಾರಾನಾಥರಿಗೆ ಆ ಹಂಚಿಕೆ ವಿಚಿತ್ರವಾಗಿ ಕಾಣುತ್ತಿತ್ತು.

ಅದಕ್ಕೂ ಮೊದಲು ಕನ್ನಡ ಪತ್ರಿಕೆ ಟೀಕೆಗಿಂತ ಸುದ್ದಿಯನ್ನೇ ಹೊತ್ತು ತರುತ್ತಿತ್ತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಮರುವರ್ಷ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ನಮ್ಮ ನೆರೆಯ ಬಳ್ಳಾರಿಗೇ ಬಂತು. ಊರ ಸುದ್ದಿ, ಸರಕಾರದ ಕಾಯಿದೆ, ದೂರದೇಶದ ಸೋಜಿಗ ಇವೆಲ್ಲ ಅದರಲ್ಲಿದ್ದವು. ಸರಕಾರ ಮಾಡಿದ್ದು ಸರಿಯೇ ಎಂದು ಕೇಳುವ ದನಿ ಗಟ್ಟಿಯಾದದ್ದು ಮೈಸೂರಿನಲ್ಲಿ, ಎಂ. ವೆಂಕಟಕೃಷ್ಣಯ್ಯನವರ ಪೀಳಿಗೆಯಲ್ಲಿ. ಆ ದನಿ ನಾಟಿದ್ದರಿಂದಲೇ 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ಕಾಯಿದೆ ತಂದಿತು. ಹಲವು ಪತ್ರಿಕೆಗಳು ಬಾಗಿಲು ಹಾಕಿದವು. ಅನಂತರ ಡಿ.ವಿ. ಗುಂಡಪ್ಪನವರು ಬಂದರು. ಶಾಸನಸಭೆ ಎಂದರೇನು, ಪೌರನ ಹಕ್ಕು ಯಾವುದು ಎಂದು ಬಿಡಿಸಿ ಹೇಳುವುದನ್ನೇ ಪತ್ರಕರ್ತನ ಧರ್ಮವೆಂದು ತಿಳಿದವರು ಅವರು. ಡಿವಿಜಿಯವರ ಗದ್ಯದಲ್ಲಿ ಮೇಷ್ಟ್ರ ಬೆತ್ತ ಆಗಾಗ ಕಾಣುತ್ತದೆ ನಿಜ, ಆದರೆ ಪಾಠ ಮಾತ್ರ ಗಟ್ಟಿ.

ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್ 17ರಂದು ಭಾರತಕ್ಕೆ ಶರಣಾಯಿತು. ಮರುತಿಂಗಳೇ ಬೆಂಗಳೂರಿನಲ್ಲಿ ‘ಪ್ರಜಾವಾಣಿ’ ಹುಟ್ಟಿತು. ಹುಟ್ಟುಹಾಕಿದ ಕೆ.ಎನ್. ಗುರುಸ್ವಾಮಿಯವರು ಬಳ್ಳಾರಿಯವರು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಹುಬ್ಬಳ್ಳಿಯಿಂದ ‘ಕಸ್ತೂರಿ’ ಮಾಸಪತ್ರಿಕೆ ಶುರುವಾಯಿತು. ಉರ್ದು ಓದಿ ಬೆಳೆದ ಒಂದು ತಲೆಮಾರು ಕನ್ನಡದಲ್ಲಿ ಲೋಕಜ್ಞಾನ ಪಡೆಯಲು ಕಲಿತದ್ದು ಇಂಥ ಪತ್ರಿಕೆಗಳಿಂದ. ‘ಕಸ್ತೂರಿ’ಯ ಪಾ.ವೆಂ. ಆಚಾರ್ಯರು ‘ಲಾಂಗೂಲಾಚಾರ್ಯ’ ಎಂಬ ಬಾಲದ ಹೆಸರು ಕಟ್ಟಿಕೊಂಡು ರಾಜಕಾರಣಿಗಳನ್ನು ಕುಟುಕುತ್ತಿದ್ದರು. ಅದೇ ಲೇಖನಿ ‘ಪದಾರ್ಥ ಚಿಂತಾಮಣಿ’ಯಲ್ಲಿ ಒಂದೊಂದು ಶಬ್ದದ ಹುಟ್ಟು ಹುಡುಕುತ್ತ ಹೋಗುತ್ತಿತ್ತು. ಇತ್ತ ‘ಪ್ರಜಾವಾಣಿ’ಯಲ್ಲಿ ಟಿಯೆಸ್ಸಾರ್ ಅವರ ‘ಛೂಬಾಣ’. ಮುಂದೆ ಹಾ.ಮಾ. ನಾಯಕರ ‘ಸಂಪ್ರತಿ’ಗೆ 1989ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅಂಕಣವೂ ಸಾಹಿತ್ಯವೇ ಎಂಬುದಕ್ಕೆ ಮೊಹರು ಬಿತ್ತು.

ಅಷ್ಟರಲ್ಲಿ ಈ ಬರವಣಿಗೆಯ ಸ್ವಭಾವವನ್ನೇ ಒಬ್ಬರು ಬದಲಿಸಿಬಿಟ್ಟಿದ್ದರು. 1980ರಲ್ಲಿ ಪಿ. ಲಂಕೇಶರು ಜಾಹೀರಾತಿಲ್ಲದ ವಾರಪತ್ರಿಕೆ ತಂದರು. ‘ಟೀಕೆ ಟಿಪ್ಪಣಿ’ಯಲ್ಲಿ ಒಂದೇ ಪುಟದೊಳಗೆ ಮುಖ್ಯಮಂತ್ರಿಯ ಲಜ್ಜೆಗೇಡಿತನ, ಯಾರದೋ ಸಾವು, ಒಂದು ಕಾದಂಬರಿ, ಮಳೆ ಎಲ್ಲ ಬರುತ್ತಿದ್ದವು. ಬಯ್ಗುಳ ಹದ ಮೀರಿದ್ದುಂಟು, ಅನ್ಯಾಯವಾಗಿ ಬರೆದದ್ದೂ ಉಂಟು. ಆದರೂ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರನ್ನು, ತಾಂಡಾದಿಂದ ಬಂದ ಬಿ.ಟಿ. ಲಲಿತಾ ನಾಯಕ್ ಅವರನ್ನು ಬರೆಯಲು ಕೂರಿಸಿದ ಪತ್ರಿಕೆ ಅದು. ವಿಮರ್ಶೆ ಮಾಡುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ಇದ್ದ ಉತ್ತರ ಅಲ್ಲಿಗೆ ಹಳತಾಯಿತು. ಲಂಕೇಶರ ಮಗಳು, ಪತ್ರಕರ್ತೆ ಗೌರಿ 2017ರ ಸೆಪ್ಟೆಂಬರ್ 5ರಂದು ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಎರಡು ವರ್ಷ ಮೊದಲು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರೂ ಹಾಗೆಯೇ ಹೋದರು. ನಿಜಾಮನ ಕಾಲದಲ್ಲಾದರೆ ದಾಟಲು ಒಂದು ಹೊಳೆಯಿತ್ತು.

ವಿಜ್ಞಾನದ ದಾರಿ ಬೇರೆ, ಅದರ ನಡಿಗೆಯೂ ನಿಧಾನ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತೆಗೆದರು. ಅದು ಎರಡು ವರ್ಷ ಬದುಕಿತು. ಶಿವರಾಮ ಕಾರಂತರು ಒಬ್ಬರೇ ಕೂತು ಸಂಪುಟಗಟ್ಟಲೆ ವಿಜ್ಞಾನ ಬರೆದರು. ಇವೆಲ್ಲ ತಿಳಿಸಿ ಹೇಳುವ ಕೆಲಸ. ವಿಜ್ಞಾನ ಜಗಳಕ್ಕೆ ಇಳಿದದ್ದು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ಮಾಡಿದಾಗ. ಆಮೇಲೆ ಕೈಗಾ ಅಣುಸ್ಥಾವರದ ವಿರುದ್ಧದ ಹೋರಾಟ ಬಂತು. ನಾಗೇಶ ಹೆಗಡೆಯವರ ‘ವಿಜ್ಞಾನ ವಿಶೇಷ’ ಅಂಕಣವನ್ನು ಓದಿದವರಿಗೆ ಅಣೆಕಟ್ಟು, ಕೀಟನಾಶಕ, ಬೂದಿ ಇವೂ ರಾಜಕೀಯವೇ ಎಂಬುದು ಅರ್ಥವಾಗತೊಡಗಿತು.

ಬೂದಿ ಎಂದ ಮೇಲೆ ನಮ್ಮೂರಿಗೆ ಬರಬೇಕಾಯಿತು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕಗಳು, 1,720 ಮೆಗಾವಾಟ್. ಕರೆಂಟು ರಾಜ್ಯಕ್ಕೆಲ್ಲ ಹಂಚಿಹೋಗುತ್ತದೆ, ಹಾರುಬೂದಿ ಇಲ್ಲೇ ಇಳಿಯುತ್ತದೆ. ಸುದ್ದಿಯ ಹಂಚಿಕೆಯೂ ಹೆಚ್ಚುಕಡಿಮೆ ಹೀಗೆಯೇ. ದೊಡ್ಡ ಪತ್ರಿಕೆಗಳು ಹುಬ್ಬಳ್ಳಿ, ಕಲಬುರ್ಗಿಗಳಲ್ಲಿ ಆವೃತ್ತಿ ತೆರೆದಾಗ ನಾವು ಖುಷಿಪಟ್ಟೆವು. ಜಿಲ್ಲೆಗೆ ಪುಟಗಟ್ಟಲೆ ಜಾಗ! ಆಮೇಲೆ ತಿಳಿಯಿತು, ರಾಯಚೂರಿನ ಪುಟವನ್ನು ಓದುವವರು ರಾಯಚೂರಿನವರಷ್ಟೇ. ದೇವದುರ್ಗದ ಗೋಳು ಮಾನ್ವಿಗೆ ಗೊತ್ತು, ಬೆಂಗಳೂರಿನ ಗೋಳು ಎಲ್ಲರಿಗೂ ಗೊತ್ತು. ಪ್ರಾದೇಶಿಕ ಅಸಮತೋಲನವನ್ನು ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕು ಎಂದು ಗುರುತಿಸಿತು. ರಾಜಧಾನಿಯ ಅಂಕಣಗಳಲ್ಲಿ ನಮಗೆ ಅಂದಿನಿಂದ ಖಾಯಂ ಉಳಿದದ್ದು ಆ ವಿಶೇಷಣವೊಂದೇ.

ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ಟಿ.ವಿ. ಚಾನೆಲ್ಲುಗಳ ಸಂಜೆಯ ಚರ್ಚೆಯಲ್ಲಿ ನಾಲ್ಕೈದು ಮಂದಿ ಒಮ್ಮೆಲೇ ಕೂಗುತ್ತಾರಲ್ಲ, ಅವರಲ್ಲಿ ಒಬ್ಬರಾದರೂ ಈ ಧರಣಿಯ ಬಗ್ಗೆ ಗಂಟಲು ಹರಿದುಕೊಂಡದ್ದನ್ನು ನಾನು ನೋಡಿಲ್ಲ. ಬರೆದವರು ರಾಯಚೂರಿನಲ್ಲೇ ಅಚ್ಚಾಗುವ ‘ಸುದ್ದಿಮೂಲ’ದಂಥ ಪತ್ರಿಕೆಗಳವರು. ಅವು ಇಲ್ಲಿನವರಿಗೆ ಮುಟ್ಟುತ್ತವೆ, ವಿಧಾನಸೌಧದವರಿಗೆ ಮುಟ್ಟುವುದಿಲ್ಲ. ಈಗ ಮೊಬೈಲು ಬಂದಿದೆ, ಮೈಕು ಹಿಡಿದ ಹುಡುಗರು ಹಳ್ಳಿಹಳ್ಳಿಗೂ ಬರುತ್ತಾರೆ. ಕುಡಿಯುವ ನೀರಿನ ಕೊಳಾಯಿಯ ಮುಂದೆ ನಿಂತು ಅವರು ಆಡುವ ಮಾತಿನಲ್ಲಿ ಪಾಂಡಿತ್ಯ ಇಲ್ಲ, ತಾಳ್ಮೆಯೂ ಕಡಿಮೆ. ಆದರೆ ಕೊಳಾಯಿಯಲ್ಲಿ ನೀರು ಬರುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡು ಹೇಳುತ್ತಾರೆ.

ಮಟಮಾರಿಯ ಚಹಾದಂಗಡಿಯಲ್ಲಿ ಪೇಪರ್ ಬಿಡಿಸಿದವರು ಮುಖಪುಟವನ್ನು ಪಕ್ಕಕ್ಕಿಟ್ಟು ಮೊದಲು ಒಳಗಿನ ಜಿಲ್ಲಾ ಪುಟಕ್ಕೇ ಕೈಹಾಕುತ್ತಾರೆ. “ನಮ್ಮ ಕಡೀದು ಏನು ಬಂದದ?” ಎಂದು ಎದುರಿಗೆ ಕೂತವರು ಕೇಳುತ್ತಾರೆ. ಅಂಕಣದ ಪುಟ ಬಜ್ಜಿಯ ತಟ್ಟೆಯ ಕೆಳಗೆ ಇರುತ್ತದೆ.