ತೋಳವೋ, ನರಿಯೋ? ನಮ್ಮ ಸೀಮೆಯ ಕಾಡುಪ್ರಾಣಿಗಳನ್ನು ಗುರುತಿಸಿದ ಚರಿತ್ರೆ



ಕಾಡುಪ್ರಾಣಿ ಎಂದ ಕೂಡಲೇ ನಮ್ಮ ಮನಸ್ಸು ಬಂಡೀಪುರ, ನಾಗರಹೊಳೆಗಳ ಕಡೆಗೆ ಓಡುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ಹೊರಗಿನವರಿಗೆ ನೆನಪಾಗುವುದು ಬಿಸಿಲು, ಬರ, ಕಲ್ಲುಗುಡ್ಡ ಮತ್ತು ಜಾಲಿಗಿಡ. ಇಂಥ ಸೀಮೆಯಲ್ಲಿ ಏನು ಪ್ರಾಣಿ ಇದ್ದೀತು ಎಂದು ನಮ್ಮ ವಿದ್ಯಾರ್ಥಿಗಳೇ ಕೇಳುವುದುಂಟು. ಆದರೆ ಕರಡಿ, ಚಿರತೆ, ತೋಳ, ಕತ್ತೆಕಿರುಬ, ನರಿ, ಮುಳ್ಳುಹಂದಿ, ಚಿಪ್ಪುಹಂದಿ, ಉಡ, ನವಿಲು ಇವೆಲ್ಲ ನಮ್ಮ ಹೊಲಗಳ ಅಂಚಿನಲ್ಲಿಯೇ ಬಾಳಿಕೊಂಡು ಬಂದಿರುವ ಜೀವಿಗಳು. ಅವುಗಳನ್ನು ಗುರುತು ಹಿಡಿದು, ಹೆಸರಿಟ್ಟು, ದಾಖಲೆ ಮಾಡಿದವರ ಒಂದು ದೊಡ್ಡ ಚರಿತ್ರೆಯೂ ಇದೆ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಸಿಗದ ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಗುರುತು ಹಿಡಿಯುವುದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಬೆಳಗಾಗುವಷ್ಟರಲ್ಲಿ ಕುರಿ ರೊಪ್ಪದಿಂದ ಒಂದು ಮರಿ ಕಾಣೆಯಾಗಿದೆ ಎಂದುಕೊಳ್ಳಿ. ಒಯ್ದದ್ದು ತೋಳವೋ, ಚಿರತೆಯೋ, ಊರ ಬೀದಿನಾಯಿಗಳೋ? ಕಾಡುಪ್ರಾಣಿ ಕೊಂದಿದ್ದರೆ ಕುರಿಗಾರನಿಗೆ ಸರ್ಕಾರದಿಂದ ಪರಿಹಾರ ಸಿಗುತ್ತದೆ, ನಾಯಿ ಕೊಂದಿದ್ದರೆ ಆ ದಾರಿ ಇಲ್ಲ. ಇನ್ನು ಸಿಟ್ಟಿನಲ್ಲಿ ಸತ್ತ ಕುರಿಗೆ ವಿಷ ಹಾಕಿಟ್ಟರೆ ಸಾಯುವುದು ತಪ್ಪಿತಸ್ಥ ಪ್ರಾಣಿಯೊಂದೇ ಅಲ್ಲ. ಕುರಿಯ ತಂಟೆಗೇ ಹೋಗದ ಕಂಕನರಿ, ಸತ್ತ ದನ ತಿಂದು ಊರಿನ ಹೊಲಸನ್ನು ಶುಚಿಮಾಡುವ ಕತ್ತೆಕಿರುಬ, ಹದ್ದು, ಕಡೆಗೆ ಕುರಿಗಾರನ ಸ್ವಂತ ನಾಯಿ ಕೂಡ ಸಾಯುತ್ತವೆ. ಆದ್ದರಿಂದ ಗುರುತು ತಿಳಿಯದ ತಪ್ಪಿಗೆ ಬಡವನೂ ಬೆಲೆ ತೆರುತ್ತಾನೆ, ಮೂಕಪ್ರಾಣಿಯೂ ಬೆಲೆ ತೆರುತ್ತದೆ.

ಕಲ್ಲು ಮತ್ತು ಓಲೆಗಳ ಸಾಕ್ಷಿ

ನಮ್ಮ ಸೀಮೆಯಲ್ಲಿ ಪ್ರಾಣಿಗಳ ಮೊದಲ ದಾಖಲೆಗಾರರು ಯಾರೆಂದರೆ ಅಕ್ಷರ ಬಾರದ ಆದಿಮಾನವರು. ಬಳ್ಳಾರಿ ಬಳಿಯ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಬಂಡೆಗಳ ಮೇಲೆ ನವಶಿಲಾಯುಗದ ಜನ ಡುಬ್ಬದ ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಆಮೇಲೆ ಬಂದ ರಾಜರ ಕಾಲದಲ್ಲಿ ಹುಲಿ, ಹಂದಿಗಳೊಡನೆ ಹೋರಾಡಿ ಮಡಿದವರಿಗೆ ವೀರಗಲ್ಲು ನಿಲ್ಲಿಸುವ ಪದ್ಧತಿ ನಾಡಿನ ತುಂಬ ಬೆಳೆಯಿತು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವಂತೂ ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯನ್ನೇ ಸ್ಮರಿಸುತ್ತದೆ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿ, ಹಡಗಲಿ ತಾಲ್ಲೂಕಿನ ಹಿರೇಹಡಗಲಿ ಮುಂತಾದ ಊರುಗಳ ದೇಗುಲಗಳು ಕಲ್ಯಾಣ ಚಾಲುಕ್ಯರ ಆಳ್ವಿಕೆಯನ್ನು ಇಂದಿಗೂ ಸಾರುತ್ತಿವೆ. ಆ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಆನೆ, ಜಿಂಕೆ, ಮೀನು, ಹಕ್ಕಿಗಳ ಬಗೆಬಗೆಯ ಜಾತಿಗಳನ್ನು ವಿಂಗಡಿಸಿ ಹೇಳಲಾಗಿದೆ. ಉದ್ದೇಶ ಬೇಟೆ ಮತ್ತು ವಿನೋದವೇ ಆದರೂ, ಪ್ರಾಣಿಯ ನಡತೆಯನ್ನು ಕಣ್ಣಾರೆ ಕಂಡವರು ಮಾತ್ರ ಬರೆಯಬಲ್ಲ ವಿವರಗಳು ಅಲ್ಲಿವೆ. ವಿಜಯನಗರದ ಕಾಲಕ್ಕೆ ಬಂದರೆ, ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಜಿಂಕೆ ಬೇಟೆಯ ಸಾಲುಗಳು ಕಾಣುತ್ತವೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ರಾಜಧಾನಿಯ ಪೇಟೆಯಲ್ಲಿ ಕವುಜುಗ, ಮೊಲ, ಕೆರೆಹಕ್ಕಿಗಳು ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದುದನ್ನು ಬರೆದಿದ್ದಾನೆ.

ಉತ್ತರದಲ್ಲಿ ಮೊಗಲ್ ದೊರೆ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಪ್ರಾಣಿಪಕ್ಷಿಗಳನ್ನು ಒಂದೊಂದಾಗಿ ವರ್ಣಿಸಿದ. ಅವನ ಮರಿಮಗ ಜಹಾಂಗೀರ್ ಸಾಕಿದ ಸಾರಸ ಜೋಡಿ ಮೊಟ್ಟೆಯಿಟ್ಟು ಮರಿ ಮಾಡುವುದನ್ನು ದಿನದಿನವೂ ಗಮನಿಸಿ ಬರೆಸಿದ. ಆಸ್ಥಾನದ ಚಿತ್ರಕಾರ ಮನ್ಸೂರ್ ಅಂಥ ಜೀವಿಗಳನ್ನು ಗರಿ ಗರಿಯೂ ತಿಳಿಯುವಂತೆ ಚಿತ್ರಿಸಿದ. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದು ನಮ್ಮ ನೆಲದಲ್ಲಿ ಹೊಸದೇನಲ್ಲ ಎಂಬುದಕ್ಕೆ ಇವು ನಿದರ್ಶನಗಳು.

ಎಲಿಯಟ್ಟನ ಪಟ್ಟಿ, ನಮ್ಮವರ ಹೆಸರುಗಳು

1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಥ್ಯಾಕರೆ ಬಲಿಯಾದದ್ದನ್ನು ನೀವು ಓದಿದ್ದೀರಿ. ಅಂದು ಸೆರೆಸಿಕ್ಕಿದ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್ (1803-1887). ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲಿ ಅನೇಕ ವರ್ಷ ಕೆಲಸ ಮಾಡಿದ ಈತ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿದವನು. ಶಾಸನಗಳ ಜೊತೆಗೆ ಪ್ರಾಣಿಗಳ ಹುಚ್ಚೂ ಅವನಿಗಿತ್ತು. 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಆತ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಆ ಸೀಮೆ ಎಂದರೆ ಧಾರವಾಡದ ಸುತ್ತಿನ ನಾಡು. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಅದೇ ಬಯಲು, ಅದೇ ಎರೆಭೂಮಿ, ಅದೇ ಪ್ರಾಣಿಗಳು.

ಎಲಿಯಟ್ಟನ ಪಟ್ಟಿಯ ವಿಶೇಷವೇನೆಂದರೆ, ಪ್ರಾಣಿಗಳ ಲ್ಯಾಟಿನ್ ಹೆಸರಿನ ಜೊತೆಗೆ ನಮ್ಮ ಜನ ಕರೆಯುವ ಹೆಸರುಗಳನ್ನೂ ಆತ ಕೇಳಿ ಬರೆದುಕೊಂಡ. ಹೊಲದ ಇಲಿಗಳನ್ನು ಬಿಲ ಅಗೆದು ಹಿಡಿಯುವ ವಡ್ಡರ ಜಾಣ್ಮೆ ಅವನಿಗೆ ದೊಡ್ಡ ಆಧಾರವಾಯಿತು. ನಮ್ಮವರು 'ಗುಲಂಡಿ' ಎನ್ನುತ್ತಿದ್ದ ಪೊದೆ ಇಲಿಗೆ ಇಂದು ಜಗತ್ತಿನ ವಿಜ್ಞಾನಿಗಳೆಲ್ಲ ಬಳಸುವ ಹೆಸರು 'ಗೊಲುಂಡ ಎಲಿಯಟಿ'. ವಡ್ಡರು 'ಮೆಟ್ಟಾಡ' ಎಂದ ಇಲಿ 'ಮೆಲ್ಟಾಡ' ಎಂದು ಲಂಡನ್ನಿನ ಪುಸ್ತಕ ಸೇರಿತು. ಇವೆರಡಕ್ಕೂ 1837ರಲ್ಲಿ ಹೆಸರಿಟ್ಟವನು ಗ್ರೇ ಎಂಬ ಆಂಗ್ಲ ವಿಜ್ಞಾನಿ. ಆ ಹೆಸರುಗಳನ್ನು ಬಾಯಲ್ಲಿ ಉಳಿಸಿಕೊಂಡು ಬಂದ ಕೂಲಿಕಾರರ ಹೆಸರು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಓದುಬರಹ ಇಲ್ಲದವರಲ್ಲಿ ವಿದ್ಯೆಯೇ ಇರಲಿಲ್ಲ ಎಂದು ತಿಳಿಯುವುದು ಎಷ್ಟು ದೊಡ್ಡ ತಪ್ಪು ಎಂಬುದನ್ನು ಇದರಿಂದ ಅರಿಯಬಹುದು.

ತೋಳಗಳ ಬಗ್ಗೆ ಎಲಿಯಟ್ ಬರೆದ ಸಂಗತಿ ಇಂದಿಗೂ ಸ್ವಾರಸ್ಯಕರ. ತೋಳಗಳು ಹುಲ್ಲೆಯ ಹಿಂಡನ್ನು ಸದ್ದಿಲ್ಲದೆ ಸುತ್ತುವರಿದು ಬೇರೆ ಬೇರೆ ದಿಕ್ಕಿನಲ್ಲಿ ಅಡಗಿ ಕೂರುತ್ತವೆ. ಮೇಯುತ್ತ ಮೇಯುತ್ತ ಹುಲ್ಲೆ ಯಾವುದಾದರೂ ಒಂದು ತೋಳದ ಹತ್ತಿರ ಬರುವವರೆಗೂ ತಾಳ್ಮೆಯಿಂದ ಕಾಯುತ್ತವೆ. ನಮ್ಮ ಕುರಿಗಾರ ಹಿರಿಯರನ್ನು ಕೇಳಿದರೆ ಇದೇ ಮಾತನ್ನು ಹೇಳುವವರು ಸಿಗುತ್ತಾರೆ.

1867ರಲ್ಲಿ ಜರ್ಡನ್ ಎಂಬ ಸೇನಾ ವೈದ್ಯ ಭಾರತದ ಸಸ್ತನಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಕನ್ನಡ, ತೆಲುಗು ಮತ್ತು ಹಿಂದೂಸ್ತಾನಿ ಹೆಸರುಗಳು ಒಟ್ಟಿಗೆ ಇವೆ. ಕನ್ನಡದ ತೋಳವೇ ತೆಲುಗಿನ ತೋಡೇಲು, ನಮ್ಮ ಮನೆಗಳ ದಖನಿ ಮಾತಿನ ಲಾಂಡ್ಗಾ. ಕನ್ನಡದ ಕರಡಿ ದಖನಿಯಲ್ಲಿ ರೀಚ್. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಆಡುವ ನಮ್ಮ ಮಕ್ಕಳಿಗೆ ಇದು ತೊಡಕಲ್ಲ, ಆಸ್ತಿ.

ಹೆಸರು ಉಳಿಯಿತು, ಪ್ರಾಣಿ ಹೋಯಿತು

ಆ ಹಳೆಯ ಪಟ್ಟಿಗಳಲ್ಲಿ ಒಂದು ನೋವಿನ ಸಂಗತಿಯೂ ಇದೆ. ಜರ್ಡನ್ ಚೀತಾ ಎಂಬ ಪ್ರಾಣಿಗೆ ಕನ್ನಡದಲ್ಲಿ 'ಚಿರ್ಚ' ಮತ್ತು 'ಸಿವಂಗಿ' ಎಂಬ ಹೆಸರುಗಳಿವೆ ಎಂದು ಬರೆದಿದ್ದಾನೆ. ಕನ್ನಡಿಗರಿಗೆ ಆ ಪ್ರಾಣಿಯ ಪರಿಚಯ ಇಲ್ಲದಿದ್ದರೆ ಎರಡೆರಡು ಹೆಸರು ಹುಟ್ಟುತ್ತಿರಲಿಲ್ಲ. ಬಯಲಿನಲ್ಲಿ ಹುಲ್ಲೆಯನ್ನು ಅಟ್ಟಿ ಹಿಡಿಯುವ ಚೀತಾಗಳನ್ನು ರಾಜರು ಪಳಗಿಸಿ ಬೇಟೆಗೆ ಬಳಸುತ್ತಿದ್ದರು. ಹುಲ್ಲುಗಾವಲು ಹೊಲವಾಯಿತು, ಹುಲ್ಲೆ ಬಂದೂಕಿಗೆ ಬಲಿಯಾಯಿತು, ಚೀತಾ ಇಲ್ಲವಾಯಿತು. ಇಂದಿನ ಛತ್ತೀಸಗಢದ ಕೊರಿಯಾದಲ್ಲಿ 1947ರ ಸುಮಾರಿಗೆ ಕೊನೆಯ ಮೂರನ್ನು ಹೊಡೆಯಲಾಯಿತು. 1952ರಲ್ಲಿ ದೇಶದಿಂದಲೇ ಅಳಿದುಹೋಯಿತೆಂದು ಘೋಷಿಸಲಾಯಿತು. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಬೇಕಾಯಿತು. ಇಂದು ನಮ್ಮ ಮಕ್ಕಳಿಗೆ ಚಿರತೆಗೂ ಚೀತಾಕ್ಕೂ ವ್ಯತ್ಯಾಸ ತಿಳಿಯದು. ಸಿವಂಗಿ ಎಂಬ ಮಾತನ್ನಂತೂ ಕೇಳಿಯೇ ಇಲ್ಲ.

ಎರೆಹೊಲಗಳ ದೊಡ್ಡ ಹಕ್ಕಿ ಎರೆಭೂತವೂ ಇದೇ ದಾರಿ ಹಿಡಿದಿದೆ. ರಾಜ್ಯದಲ್ಲಿ ಅದರ ಕೊನೆಯ ನೆಲೆಗಳಲ್ಲಿ ಒಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲು. ಬೆರಳೆಣಿಕೆಯಷ್ಟೇ ಉಳಿದಿರುವ ಅದನ್ನು ಕಾಣುವುದು ಈಗ ಸುದ್ದಿಯಾಗುವಷ್ಟು ಅಪರೂಪ.

ಕರಡಿಯ ಕಥೆ

ನಮ್ಮ ಸೀಮೆಯ ನಿಜವಾದ ಒಡೆಯ ಕರಡಿ. ಗೆದ್ದಲು, ಇರುವೆ, ಜೇನು, ಕಾರೆ, ಬಾರೆ ಹಣ್ಣು ಇವೇ ಅದರ ಮುಖ್ಯ ಆಹಾರ. ಬಂಡೆಗಳ ಸಂದಿನ ತಂಪು ಗವಿಯೇ ಅದರ ಮನೆ. ಆದ್ದರಿಂದಲೇ ಕಲ್ಲುಗುಡ್ಡಗಳ ಈ ನಾಡು ಅದಕ್ಕೆ ಒಗ್ಗಿದೆ. 1994ರಲ್ಲಿ ದರೋಜಿ ಕರಡಿಧಾಮವಾಯಿತು. 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಾಡೂ ಕರಡಿಧಾಮವೆಂದು ಘೋಷಣೆಯಾಯಿತು. ಪಾಳೆಯಗಾರರ ಕೋಟೆಗೆ ಹೆಸರಾದ ಗುಡೇಕೋಟೆ ಹೀಗೆ ಇನ್ನೊಂದು ಕಾರಣಕ್ಕೆ ನಕ್ಷೆಯಲ್ಲಿ ಸ್ಥಾನ ಪಡೆಯಿತು. ಪಕ್ಕದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಧಾಮವಾಯಿತು. ಗಂಡಿಗೆ ನಾಲ್ಕು ಕೊಂಬು ಇರುವ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ.

ಕರಡಿಯ ಕಥೆಯಲ್ಲಿ ನಮ್ಮ ಸಮಾಜದ ಒಂದು ಅಧ್ಯಾಯವೂ ಸೇರಿದೆ. ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ಊರೂರಿಗೆ ತಂದು ಆಡಿಸುತ್ತಿದ್ದ ಖಲಂದರರನ್ನು ಹಿರಿಯರು ಬಲ್ಲರು. ಮರಿಗಾಗಿ ತಾಯಿಕರಡಿಯನ್ನು ಕೊಲ್ಲುವ ಕ್ರೌರ್ಯ ಆ ಆಟದ ಹಿಂದೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ನಂತರದ ಆದೇಶಗಳಿಂದ ಅದು ನಿಷಿದ್ಧವಾಯಿತು. 2009ರ ಡಿಸೆಂಬರಿನಲ್ಲಿ ದೇಶದ ಕೊನೆಯ ಆಡುವ ಕರಡಿಯೆಂದು ಹೇಳಲಾದ ಪ್ರಾಣಿಯನ್ನು ಬನ್ನೇರುಘಟ್ಟದಲ್ಲಿ ಒಪ್ಪಿಸಲಾಯಿತು. ಆಟ ನಿಂತದ್ದು ಸರಿಯೇ. ಆದರೆ ತಲೆತಲಾಂತರದ ಕಸುಬು ಬಿಟ್ಟ ಆ ಕುಟುಂಬಗಳ ಮಕ್ಕಳು ಶಾಲೆಗೆ ಬಂದರೆ ಮಾತ್ರ ಆ ಬದಲಾವಣೆ ಪೂರ್ಣವಾಗುತ್ತದೆ. ಶಿಕ್ಷಣವನ್ನೇ ಗುರಿಯಾಗಿಟ್ಟುಕೊಂಡಿರುವ ನಾವು ಇದನ್ನು ಮರೆಯುವಂತಿಲ್ಲ.

ನೋಡುವುದನ್ನು ಕಲಿಸಿದವರು

ಬಂದೂಕಿನ ಬದಲು ದುರ್ಬೀನು ಹಿಡಿಯುವುದನ್ನು ಈ ದೇಶಕ್ಕೆ ಕಲಿಸಿದವರಲ್ಲಿ ಅಗ್ರಗಣ್ಯರು ಡಾ. ಸಲೀಂ ಅಲಿ (1896-1987). ಬಾಲಕನಾಗಿದ್ದಾಗ ತಾವು ಹೊಡೆದ ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ಬಾಗಿಲು ತಟ್ಟಿದರು. ಆ ಒಂದು ಪ್ರಶ್ನೆಯೇ ಅವರ ಬದುಕಾಯಿತು. 1931-32ರಲ್ಲಿ ತುಂಗಭದ್ರೆಯ ಆಚೆಯ ಹೈದರಾಬಾದ್ ಸಂಸ್ಥಾನದ ಹಕ್ಕಿಗಳನ್ನೂ, 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನೂ ಅವರು ಸಮೀಕ್ಷೆ ಮಾಡಿದರು. ಎರಡು ಸಂಸ್ಥಾನಗಳ ನಡುವೆ ಇದ್ದ ನಮ್ಮ ತಾಲ್ಲೂಕುಗಳು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. 1953ರಲ್ಲಿ ಮೈಸೂರಿಗೆ ಸೇರಿ, 2021ರಿಂದ ವಿಜಯನಗರ ಜಿಲ್ಲೆಯ ಭಾಗವಾಗಿವೆ.

ನಮ್ಮ ಹತ್ತಿರದಲ್ಲಿಯೇ ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜಮನೆತನದಲ್ಲಿ ಹುಟ್ಟಿ, ರಾಜ್ಯದ ಹಣಕಾಸು ಸಚಿವರೂ ಆಗಿ, ಕಪ್ಪುಬಿಳುಪು ವನ್ಯಜೀವಿ ಛಾಯಾಚಿತ್ರಗಳಿಂದ ಹೆಸರಾದರು. ಇನ್ನು ನಮ್ಮದೇ ಕೊಟ್ಟೂರಿನ ಸಮದ್ ಕೊಟ್ಟೂರು ಅವರು ಗೌರವ ವನ್ಯಜೀವಿ ಪರಿಪಾಲಕರಾಗಿ ಕ್ಯಾಮೆರಾ ಹಿಡಿದು ಈ ಗುಡ್ಡಗಳನ್ನು ಸುತ್ತಿದವರು. ದೊಡ್ಡ ಊರಿನಲ್ಲಿ ಹುಟ್ಟಿದರೆ ಮಾತ್ರ ಇಂಥ ಕೆಲಸ ಸಾಧ್ಯ ಎಂದು ತಿಳಿದವರಿಗೆ ಇದು ಉತ್ತರ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ನೋಡಿ. ನೀರಾವರಿಗಾಗಿ ಹಿಂದಿನವರು ಕಟ್ಟಿಸಿದ, ಸುಮಾರು 244 ಎಕರೆಯ ಈ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಕೆಂಬರಲಿನ ಬಂಧುವಾದ ಕರಿತಲೆ ಕೆಂಬರಲು ಮುಂತಾದ ಹಕ್ಕಿಗಳು ಸಾವಿರಗಟ್ಟಲೆ ಬರುತ್ತವೆ. ಒಟ್ಟು 240 ಜಾತಿಯ ಹಕ್ಕಿಗಳು ಅಲ್ಲಿ ದಾಖಲಾಗಿವೆ. ಕೂತು ಎಣಿಸಿದವರು ಇದ್ದುದರಿಂದಲೇ ಆ ಮಾನ್ಯತೆ ಸಿಕ್ಕಿತು.

ಗುರುತಿನ ಕೆಲವು ಸೂತ್ರಗಳು

ವಿದ್ಯಾರ್ಥಿಗಳೇ, ಇಷ್ಟನ್ನು ನೆನಪಿನಲ್ಲಿಡಿ.

ತೋಳ: ಉದ್ದ ಕಾಲು, ಬೂದು ಮಿಶ್ರಿತ ಕಂದು ಮೈ. ಬಾಲ ಊರನಾಯಿಯಂತೆ ಸುರುಳಿಯಾಗದೆ ಕೆಳಗೆ ಇಳಿಬಿದ್ದಿರುತ್ತದೆ.

ನರಿ: ತೋಳಕ್ಕಿಂತ ಚಿಕ್ಕದು, ಕಾಲು ಗಿಡ್ಡ. ಸಂಜೆ ಗುಂಪಾಗಿ ಊಳಿಡುವುದು ಇದೇ.

ಕಂಕನರಿ: ಬೆಕ್ಕಿಗಿಂತ ತುಸು ದೊಡ್ಡದು. ಪೊದೆಬಾಲದ ತುದಿ ಕಪ್ಪು. ಇಲಿ, ಮಿಡತೆ ತಿಂದು ರೈತನಿಗೆ ಉಪಕಾರ ಮಾಡುತ್ತದೆ.

ಕತ್ತೆಕಿರುಬ: ಮುಂಭಾಗ ಎತ್ತರ, ಹಿಂಭಾಗ ಇಳಿಜಾರು. ಮೈಮೇಲೆ ಪಟ್ಟೆ, ಬೆನ್ನಿನ ಮೇಲೆ ಕೇಸರ.

ಚಿರತೆ: ಮೈಮೇಲೆ ಹೂವಿನಂಥ ಮಚ್ಚೆಗಳ ಗುಂಪು. ಚೀತಾಕ್ಕಾದರೋ ಒಂಟಿ ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆ.

ಹೆಜ್ಜೆ: ಚಿರತೆಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ. ತೋಳ, ನಾಯಿಗಳ ಹೆಜ್ಜೆಯಲ್ಲಿ ಮೂಡುತ್ತದೆ. ಕರಡಿಯ ಹಿಂಗಾಲಿನ ಹೆಜ್ಜೆ ಮನುಷ್ಯನ ಪಾದವನ್ನು ಹೋಲುತ್ತದೆ. ಒಡೆದ ಹುತ್ತ, ಬೀಜ ತುಂಬಿದ ಲದ್ದಿ ಅದು ಬಂದುಹೋದ ಸಾಕ್ಷಿ.

ಆದರೆ ಎಚ್ಚರಿಕೆ ಇರಲಿ. ಹೆಜ್ಜೆ ನೋಡಿ ಕಲಿಯಿರಿ, ಪ್ರಾಣಿಯ ಹಿಂದೆ ಹೋಗಬೇಡಿ. ನಸುಕಿನಲ್ಲಿ ಹೊಲಕ್ಕೆ ಹೋಗುವವರು ಮಾತಾಡುತ್ತ, ಬೆಳಕು ಹಿಡಿದು ಗುಂಪಾಗಿ ಹೋಗಲಿ. ಹಠಾತ್ತನೆ ಎದುರಾದ ಕರಡಿ ಹೆದರಿ ಮೈಮೇಲೆ ಬೀಳುತ್ತದೆ. ಮರಿ ಸಿಕ್ಕರೆ ಮನೆಗೆ ತರದೆ ಅರಣ್ಯ ಇಲಾಖೆಗೆ ತಿಳಿಸಿ.

ಎಲಿಯಟ್ ಮಾಡಿದ ಕೆಲಸಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ಲೇಖನಿ ಮತ್ತು ಹಿರಿಯರನ್ನು ಕೇಳುವ ವಿನಯ. ಇವು ಮೂರೂ ನಿಮ್ಮಲ್ಲಿವೆ. ನಿಮ್ಮ ಊರಿನ ಕುರಿಗಾರರನ್ನು, ವಡ್ಡರ ಹಟ್ಟಿಯ, ಲಂಬಾಣಿ ತಾಂಡಾದ ಹಿರಿಯರನ್ನು, ನಿಮ್ಮ ಮನೆಯ ದಾದಿ ನಾನಿಯರನ್ನು ಕೇಳಿ ಪ್ರಾಣಿಗಳ ಹೆಸರುಗಳನ್ನು ಬರೆದಿಡಿ. ಎಲ್ಲಿ ಕಂಡಿತು, ಯಾವ ದಿನ, ಏನು ಮಾಡುತ್ತಿತ್ತು ಎಂದು ದಿನಾಂಕ ಸಹಿತ ಗುರುತು ಹಾಕಿ. ಸಿವಂಗಿಯ ಹಾಗೆ ತೋಳವೂ ಬರಿಯ ಹೆಸರಾಗಿ ಉಳಿಯದಿರಲಿ. ನಿಮ್ಮ ಮೊಮ್ಮಕ್ಕಳು ತೋಳ ಎಂಬ ಮಾತನ್ನು ನಿಘಂಟಿನಲ್ಲಿ ಹುಡುಕದೆ, ಹಡಗಲಿಯ ಬಯಲಿನಲ್ಲಿಯೇ ಕಂಡು ಗುರುತಿಸುವಂತಾಗಲಿ.