ಕಾಶ್ಮೀರದ ಶಾಲು ಮತ್ತು ರಫೂಗರನ ಸೂಜಿ



ಹೊಸ ಪ್ಯಾಂಟು ಮೊಳೆಗೆ ತಗುಲಿ ಹರಿದರೆ ನೀವು ಟೈಲರ್ ಬಳಿ ಹೋಗಿ ‘ರಫು ಮಾಡಿಕೊಡಿ’ ಎನ್ನುತ್ತೀರಿ. ಈ ‘ರಫು’ ಉರ್ದುವಿನಲ್ಲಿ ಬಹಳ ಹಳೆಯ ಪದ. ಹರಿದ ಜಾಗದಲ್ಲಿ ಎಳೆಗೆ ಎಳೆ ಸೇರಿಸಿ, ಸೂಜಿಯಿಂದಲೇ ಬಟ್ಟೆಯನ್ನು ಮತ್ತೆ ನೇಯುವುದು ರಫು. ಆ ಕೆಲಸ ಮಾಡುವವನು ರಫೂಗರ್. ತೇಪೆ ಕಣ್ಣಿಗೆ ಕಾಣುತ್ತದೆ, ಒಳ್ಳೆಯ ರಫು ಕಾಣುವುದಿಲ್ಲ.

ಪ್ಯಾರಿಸ್, ಲಂಡನ್ ನಗರಗಳ ದುಬಾರಿ ಉಡುಪಿನ ಕಂಪನಿಗಳು ಈಗ ‘ಚಕ್ರೀಯ ಆರ್ಥಿಕತೆ’ಯ ಮಾತನ್ನಾಡುತ್ತಿವೆ. ವಾಣಿಜ್ಯ ವಿಷಯ ಓದುತ್ತಿರುವ ವಿದ್ಯಾರ್ಥಿಗಳು ಈ ಪದವನ್ನು ಕೇಳಿರಬಹುದು. ಮಾಡಿದ ವಸ್ತುವನ್ನು ಬಿಸಾಡದೆ ದುರಸ್ತಿ ಮಾಡಿ, ಕೈಯಿಂದ ಕೈಗೆ ದಾಟಿಸಿ, ಕೊನೆಗೆ ಅದರ ನೂಲನ್ನೂ ಬಳಸಿಕೊಳ್ಳುವುದು ಇದರ ಸಾರ. ಈ ಮಾತು ಬಂದದ್ದೇಕೆ? ಬ್ರಿಟನ್ನಿನ ಬರ್ಬರಿ ಕಂಪನಿಯು 2017-18ರ ಸಾಲಿನಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾಲನ್ನು ನಾಶಪಡಿಸಿತೆಂದು ತಿಳಿದಾಗ ಜನ ಬೆಚ್ಚಿಬಿದ್ದರು. 2018ರ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿಯನ್ನು ಕೈಬಿಡುವುದಾಗಿ ಕಂಪನಿ ಪ್ರಕಟಿಸಿತು. ಮಾರಾಟವಾಗದ ಉಡುಪು ಮತ್ತು ಪಾದರಕ್ಷೆಗಳನ್ನು ದೊಡ್ಡ ಕಂಪನಿಗಳು ನಾಶಪಡಿಸದಂತೆ ಐರೋಪ್ಯ ಒಕ್ಕೂಟವು 2024ರಲ್ಲಿ ಕಾನೂನನ್ನೇ ಮಾಡಿತು.

ಇದೆಲ್ಲ ಹೊಸ ವಿಚಾರವೆಂದು ತಿಳಿಯುವ ಮುನ್ನ ಕಾಶ್ಮೀರಿ ಶಾಲಿನ ಇತಿಹಾಸವನ್ನು ಸ್ವಲ್ಪ ನೋಡಿರಿ.

ಲಡಾಖಿನ ಚಾಂಗ್‌ಥಾಂಗ್ ಎಂಬ ಎತ್ತರದ ಪ್ರದೇಶದ ಮೇಕೆಗಳು ಕಡು ಚಳಿಯನ್ನು ತಡೆಯಲು ಬೆಳೆಸಿಕೊಳ್ಳುವ ಒಳತುಪ್ಪಟವೇ ಪಶ್ಮ್. ಶ್ರೀನಗರದ ಹೆಣ್ಣುಮಕ್ಕಳು ಅದನ್ನು ನೂತು ನೂಲು ಮಾಡುತ್ತಿದ್ದರು. ಹಿಂದಿನ ಕಾಲದಲ್ಲಿ ಜನರು ಶಾಲನ್ನು ನಾಲ್ಕು ಮಡಿಕೆ ಮಾಡಿ ಬಹುಕಾಲ ಹೊದೆಯುತ್ತಿದ್ದರೆಂದು ಅಬುಲ್ ಫಜಲ್ ‘ಐನ್-ಎ-ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ. ಎರಡು ಶಾಲುಗಳನ್ನು ಜೋಡಿಸಿ ಹೊದೆಯುವುದು ಅಕ್ಬರ್ ಬಾದಶಹನಿಗೆ ಇಷ್ಟವಾಗಿತ್ತು.

ಕಾನಿ ಶಾಲಿನ ವಿನ್ಯಾಸವನ್ನು ಬರೆದಿಡುವ ಸಂಕೇತಲಿಪಿಯ ಹೆಸರೇನು ಗೊತ್ತೇ? ‘ತಾಲೀಮ್’! ಶಿಕ್ಷಣಕ್ಕೂ ಉರ್ದುವಿನಲ್ಲಿ ಅದೇ ಪದ. ಯಾವ ಬಣ್ಣದ ನೂಲು ಎಷ್ಟು ಎಳೆ ದಾಟಬೇಕೆಂದು ಅದನ್ನು ನೋಡಿ ಗಟ್ಟಿಯಾಗಿ ಓದುತ್ತಿದ್ದರು, ನೇಕಾರರು ಕೇಳುತ್ತಾ ನೇಯುತ್ತಿದ್ದರು. 1822-23ರಲ್ಲಿ ಶ್ರೀನಗರದಲ್ಲಿದ್ದ ವಿಲಿಯಂ ಮೂರ್‌ಕ್ರಾಫ್ಟ್ ಈ ಕೆಲಸವನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. ಸೂಕ್ಷ್ಮ ಶಾಲು ಒಂದೇ ಮಗ್ಗದಲ್ಲಿ ಮುಗಿಯಲು ವರ್ಷಕ್ಕೂ ಮೀರಿ ಹಿಡಿಯುತ್ತಿದ್ದರಿಂದ ತುಂಡುತುಂಡಾಗಿ ಹಲವು ಮಗ್ಗಗಳಲ್ಲಿ ನೇಯಿಸುತ್ತಿದ್ದರು. ತುಂಡುಗಳನ್ನು ಕೂಡಿಸಿದ ಗುರುತೇ ಸಿಗದಂತೆ ಹೊಲಿಯುತ್ತಿದ್ದವನು ರಫೂಗರ್. ಅಂದರೆ ಹರಿದ ಮೇಲಷ್ಟೇ ಅಲ್ಲ, ಶಾಲು ಹುಟ್ಟುವಾಗಲೂ ಅವನು ಬೇಕಾಗಿತ್ತು.

ಯುರೋಪಿನ ಶ್ರೀಮಂತ ಮಹಿಳೆಯರಿಗೆ ಈ ಶಾಲು ದೊಡ್ಡ ಹುಚ್ಚಾಯಿತು. ನೆಪೋಲಿಯನ್ನನ ಪತ್ನಿ ಜೋಸೆಫೀನ್ ಇದರಲ್ಲಿ ಹೆಸರಾದವಳು. ಸ್ಕಾಟ್‌ಲೆಂಡಿನ ಪೇಯ್ಸ್ಲಿ ಊರು ಅಗ್ಗದ ನಕಲುಗಳನ್ನು ನೇಯ್ದು ಪ್ರಸಿದ್ಧವಾಯಿತು. ಇತ್ತ ಅಸಲು ನೇಯ್ದವರ ಸ್ಥಿತಿಯೇನು? ಭಾರೀ ತೆರಿಗೆಯ ವಿರುದ್ಧ 1865ರ ಏಪ್ರಿಲ್ 29ರಂದು ಶ್ರೀನಗರದ ಶಾಲು ನೇಕಾರರು ಬೀದಿಗಿಳಿದರು. ಸೈನಿಕರು ಅಟ್ಟಿಸಿಕೊಂಡು ಬಂದಾಗ ಹಲವರು ನೀರಿನಲ್ಲಿ ಮುಳುಗಿ ಸತ್ತರು. 1870ರ ಫ್ರಾನ್ಸ್-ಪ್ರಷ್ಯಾ ಯುದ್ಧದಿಂದ ಮಾರುಕಟ್ಟೆ ಬಿದ್ದಿತು, ಫ್ಯಾಷನ್ನೂ ಬದಲಾಯಿತು. 1877-79ರ ಬರಗಾಲ ಉಳಿದ ನೇಕಾರರನ್ನೂ ಬಿಡಲಿಲ್ಲ. ಯುರೋಪಿನಲ್ಲಿ ಹಳೆಯ ಶಾಲುಗಳನ್ನು ಕತ್ತರಿಸಿ ಮೇಲಂಗಿ ಹೊಲಿಸಿಕೊಂಡರು.

ನಮ್ಮ ದೇಶದಲ್ಲಿ ಅವುಗಳನ್ನು ಉಳಿಸಿದವರಲ್ಲಿ ಉತ್ತರಪ್ರದೇಶದ ಬಿಜ್ನೋರ್ ಜಿಲ್ಲೆಯ ನಜೀಬಾಬಾದಿನ ರಫೂಗರರು ಮುಖ್ಯರು. ತಲೆಮಾರುಗಳಿಂದ ಊರೂರು ಸುತ್ತಿ ಹಳೆಯ ಶಾಲು ಕೊಂಡು, ದುರಸ್ತಿ ಮಾಡಿ ಮಾರಿದವರು ಇವರು. ನಡುಭಾಗ ಸವೆದಿದ್ದರೆ ಅದನ್ನು ತೆಗೆದು, ಹಳೆಯ ಅಂಚು ಮತ್ತು ಸೆರಗುಗಳನ್ನು ಹೊಸ ಪಶ್ಮೀನಾಕ್ಕೆ ಕೂಡಿಸುತ್ತಿದ್ದರು. ನೂರು ವರ್ಷದ ಅಂಚು ಹೊಸ ಮೈಯ ಮೇಲೆ ಮತ್ತೆ ಬಾಳುತ್ತಿತ್ತು.

ಇದನ್ನು ಬರೀ ಹೊಗಳಿ ಮುಗಿಸಲು ನನಗೆ ಮನಸ್ಸಿಲ್ಲ. ಈ ಚಕ್ರ ತಿರುಗಿದ್ದಕ್ಕೆ ಒಂದು ಕಾರಣ ಸ್ಪಷ್ಟವಾಗಿದೆ: ಶಾಲು ದುಬಾರಿಯಾಗಿತ್ತು, ಕೈಗಳು ಅಗ್ಗವಾಗಿದ್ದವು. ದುರಸ್ತಿ ಕಾಣಬಾರದೆಂಬುದೇ ಈ ಕಲೆಯ ನಿಯಮವಾದ್ದರಿಂದ ಕಲಾವಿದನೂ ಕಾಣದೇ ಹೋದ. ಕಂಪನಿಗಳು ಇಂದು ದುರಸ್ತಿಯನ್ನು ಜಾಹೀರಾತು ಮಾಡುವಾಗ, ಸೂಜಿ ಹಿಡಿದವರ ಕೂಲಿಯ ಲೆಕ್ಕವನ್ನೂ ನಾವು ಕೇಳಬೇಡವೇ? ಜವಳಿ ಕಲಾವಿದೆ ಪ್ರಿಯಾ ರವೀಶ್ ಮೆಹ್ರಾ 2018ರಲ್ಲಿ ತೀರಿಕೊಳ್ಳುವವರೆಗೂ ನಜೀಬಾಬಾದಿನ ಈ ಕುಶಲಿಗಳನ್ನು ಜಗತ್ತಿನ ಕಣ್ಣಿಗೆ ತರಲು ಶ್ರಮಿಸಿದರು.

ರಫು ಮಾಡಲಾಗದಷ್ಟು ಜೀರ್ಣವಾದ ಶಾಲು ಬಂದರೂ ರಫೂಗರನಿಗೆ ಅದು ಕಸವಲ್ಲ. ಹಳೆಯ ನೂಲಿನ ಮಾಸಿದ ಬಣ್ಣ ಹೊಸ ನೂಲಿನಲ್ಲಿ ಸಿಗುವುದಿಲ್ಲವಲ್ಲ! ಅದರ ಎಳೆಗಳನ್ನು ಬಿಡಿಸಿ ತೆಗೆದಿಟ್ಟುಕೊಳ್ಳುತ್ತಾನೆ. ಅದೇ ಬಣ್ಣದ ಇನ್ನೊಂದು ಹರಿದ ಶಾಲು ಬಂದ ದಿನ ಆ ಎಳೆ ಸೂಜಿಗೇರುತ್ತದೆ.